ಆ ಫ್ಯಾನುಗಳ ಕೆಳಗೆ ಒಂದು ಕಾಡಿದೆ ಕಣೋ

ಪ್ರೀತಿಯ ದೋಸ್ತ,

ಬೆಂಗಳೂರಿನಿಂದ ದಾವಣಗೆರೆಗೆ ಬರುವಾಗಲೆಲ್ಲ ಚಿತ್ರದುರ್ಗದ ಹತ್ತಿರ ಬಸ್ಸಿನ ಕಿಟಕಿಯಿಂದ ನೋಡಿ, ‘ಬರೀ ಕಲ್ಲು, ಬರೀ ಫ್ಯಾನು’ ಅಂತ ಮೆಸೇಜ್ ಹಾಕ್ತೀಯಲ್ಲ (ಗುಡ್ಡದ ಮೇಲಿನ ಗಾಳಿಯಂತ್ರಗಳು ನಿನಗೆ ಫ್ಯಾನು!), ಅದಕ್ಕೆ ಈ ಪತ್ರ. ಹೋದ ಭಾನುವಾರ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಕಾಡಿನಲ್ಲಿ ಇಡೀ ದಿನ ನಡೆದು ಬಂದೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ಘಟ್ಟದ ಕುಮಾರಪರ್ವತದ ಮಾತು ತೆಗೆಯುತ್ತೀಯ. ಬರೆದರೆ ಪೂರ್ತಿ ಓದ್ತೀಯ ಅನ್ನೋ ನಂಬಿಕೆ ನನಗಿದೆ.

ಕಾಡಿನಲ್ಲಿ ನಡೆಯುವುದು ನನಗೆ ಹೊಸದು. ಆಫೀಸಿನ ಗೆಳೆಯರು ನಾಲ್ಕು ಜನ, ಅವರಲ್ಲೊಬ್ಬನ ಹೆಂಡತಿ, ನಾನು. ಬೆಳಗ್ಗೆ ಕತ್ತಲಿದ್ದಾಗಲೇ ದಾವಣಗೆರೆ ಬಿಟ್ಟೆವು. ಡಬ್ಬಿಯಲ್ಲಿ ಅಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಜೋಗಿಮಟ್ಟಿ 2015ರಿಂದ ವನ್ಯಜೀವಿ ಧಾಮ, ಸುಮಾರು 100 ಚದರ ಕಿಲೋಮೀಟರ್ ಇದೆ. ಮನಸ್ಸಿಗೆ ಬಂದ ಕಡೆ ನುಗ್ಗುವ ಹಾಗಿಲ್ಲ, ನುಗ್ಗಲೂ ಬಾರದು. ಮೊದಲೇ ಅನುಮತಿ ತೆಗೆದುಕೊಂಡಿದ್ದೆವು. ಆಡುಮಲ್ಲೇಶ್ವರದ ಕಿರು ಮೃಗಾಲಯ ದಾಟಿದ ಮೇಲೆ ಅರಣ್ಯ ಇಲಾಖೆಯ ವಾಚರ್ ಅಣ್ಣ ಒಬ್ಬರು ಜೊತೆಯಾದರು.

ಅವರು ಮೊದಲು ಹೇಳಿದ ಮಾತೇ ನನಗೆ ಆಶ್ಚರ್ಯ. ಕಾಡೊಳಗೆ ಬಾಯಿ ಮುಚ್ಚಿಕೊಂಡು ಹೋಗಬೇಕು ಅಂತ ನಾವು ಅಂದುಕೊಂಡಿದ್ದೆವು. ಅವರು, “ಕೂಗಾಡಬ್ಯಾಡ್ರಿ, ಆದ್ರೆ ಮಾತಾಡ್ಕಂತ ಬರ್ರಿ. ನಾವ್ ಬರೋದು ಕರಡಿಗೆ ಗೊತ್ತಾಗ್ಬೇಕು” ಅಂದರು. ಚಿರತೆಗಿಂತ ಕರಡಿಯ ವಿಷಯದಲ್ಲೇ ಇಲ್ಲಿನವರಿಗೆ ಹೆಚ್ಚು ಎಚ್ಚರ. ಅದು ತಾನಾಗಿ ಮನುಷ್ಯರನ್ನು ಹುಡುಕಿಕೊಂಡು ಬರುವುದಿಲ್ಲ. ತಲೆ ತಗ್ಗಿಸಿ ಮೇಯುತ್ತಿರುವಾಗ ನಾವು ದಿಢೀರ್ ಅಂತ ಎದುರಾದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಮೊದಲೇ ಸದ್ದು ಕೇಳಿಸಿದರೆ ಹೆಚ್ಚಿನ ಸಲ ಅದೇ ದಾರಿ ಬಿಟ್ಟು ಹೋಗುತ್ತದೆ.

ಸ್ವಲ್ಪ ದೂರದಲ್ಲೇ ಅದರ ಗುರುತು ಸಿಕ್ಕಿತು. ದಾರಿಯ ಪಕ್ಕ ಸೊಂಟದೆತ್ತರದ ಹುತ್ತ. ಒಂದು ಮಗ್ಗುಲು ಪೂರ್ತಿ ಕಿತ್ತು ಹೋಗಿತ್ತು. ಒಳಗಿನ ಮಣ್ಣು ಇನ್ನೂ ಹಸಿ, ಕೆಂಪಗೆ. ಬಗ್ಗಿ ನೋಡಿದರೆ ಉಗುರು ಎಳೆದ ಗೀರು ಒಂದರ ಪಕ್ಕ ಒಂದು, ನನ್ನ ಬೆರಳು ಇಳಿಯುವಷ್ಟು ಆಳ. ಒಡೆದ ಕಡೆ ಗೆದ್ದಲು ಆಗಲೇ ಹೊಸ ಮಣ್ಣು ಮೆತ್ತುತ್ತಿದ್ದವು. ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲವಂತೆ. ಆ ಸಂದಿಯಿಂದಲೇ ಗೆದ್ದಲನ್ನು ಉಸಿರೆಳೆದು ಹೀರುತ್ತದೆ. ರಾತ್ರಿ ಆ ಸದ್ದು ದೂರಕ್ಕೂ ಕೇಳಿಸುತ್ತದೆ ಅಂದರು ಅಣ್ಣ. ನಾನು ಅಲ್ಲಿಂದ ಏಳಲೇ ಇಲ್ಲ, ಗೆಳೆಯರು ಕರೆದು ಕರೆದು ಸಾಕಾದರು. ಪ್ರಾಣಿ ಕಣ್ಣಿಗೆ ಬೀಳಲಿಲ್ಲ. ಆದರೂ ಅದು ಬೆಳಗಿನ ಜಾವ ಇಲ್ಲೇ ನಿಂತು ಊಟ ಮಾಡಿದೆ ಅನ್ನುವುದನ್ನು ಕೈಯಿಂದ ಮುಟ್ಟಿ ನೋಡಿದೆನಲ್ಲ, ನನಗೆ ಅಷ್ಟು ಸಾಕಾಗಿತ್ತು.

ಮೇಲೇರುತ್ತಾ ತಂಗಡಿ ಹೂವಿನ ಹಳದಿ, ಕಾಯಿ ಬಿಟ್ಟ ಸೀತಾಫಲ, ಪ್ಯಾಂಟಿಗೆಲ್ಲ ಉತ್ತರಾಣಿ. ಆಮೇಲೆ ದಿಂಡಿಗದ ಮರಗಳು. ಬೂದು ಬಿಳುಪಿನ ನುಣುಪು ತೊಗಟೆ, ಅಲ್ಲಲ್ಲಿ ಅಂಟು ಗಟ್ಟಿಯಾಗಿ ಕೂತಿತ್ತು. ಬಾಣಂತಿಯರ ಅಂಟಿನುಂಡೆಗೆ ಈ ಮರದ ಅಂಟನ್ನೂ ಹಾಕುತ್ತಾರೆ. ನನ್ನ ತಂಗಿಯ ಬಾಣಂತನದಲ್ಲಿ ಅಮ್ಮ ಉಂಡೆ ಕಟ್ಟುವಾಗ ನಾನು ಕದ್ದು ತಿಂದಿದ್ದೆ, ನಿನಗೂ ಕೊಟ್ಟಿದ್ದೆ, ನೆನಪಿದೆಯಾ? ಅದು ಬರುವುದು ಇಂಥ ಮರದಿಂದ ಅಂತ ನನಗೆ ಗೊತ್ತಾದದ್ದು ಈಗ.

ನೀನು ಬೇಸಿಗೆಯಲ್ಲಿ ನೋಡುವ ಬೋಳು ಗುಡ್ಡವೂ ಇದೇ. ಈ ಮರಗಳು ಬಿಸಿಲು ಕಾಲಕ್ಕೆ ಎಲೆ ಉದುರಿಸುವುದು ನೀರು ಉಳಿಸಿಕೊಳ್ಳಲು. ಎಲೆ ಇದ್ದರೆ ಅದರ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಹೀಗಾಗಿ ಏಪ್ರಿಲ್‌ನಲ್ಲಿ ರಸ್ತೆಯಿಂದ ನೋಡಿದವರು ಇಲ್ಲಿ ಏನೂ ಇಲ್ಲ ಅಂತ ಹೇಳಿ ಹೋಗುತ್ತಾರೆ. ನಾವಿಬ್ಬರೂ ಹಾಗೇ ಹೇಳುತ್ತಾ ಬೆಳೆದೆವು, ಅಲ್ವಾ? ಮಲೆನಾಡಿಗೆ ಹೋಗಿ ಬಂದವರ ಮುಂದೆ ನಮ್ಮ ಕಡೆ ಕಾಡೇ ಇಲ್ಲ ಅನ್ನುತ್ತಿದ್ದೆವು.

ತುದಿಯಲ್ಲಿ ಬ್ರಿಟಿಷರ ಕಾಲದ ಬಂಗಲೆ ಇದೆ. ಅಲ್ಲಿ ನಿಂತರೆ ಗಾಳಿ ಜ್ಯಾಕೆಟ್ಟನ್ನೇ ಕಿತ್ತುಕೊಂಡು ಹೋಗುವ ಹಾಗೆ. ಮಂಜು ಬಂದು ಎಲ್ಲ ಮುಚ್ಚಿತು, ಎರಡೇ ನಿಮಿಷಕ್ಕೆ ಸರಿಯಿತು. ದೂರದಲ್ಲಿ ಕೋಟೆಯ ಬಂಡೆಗಳು, ಕೆಳಗೆ ಊರು, ಸಾಲು ಗುಡ್ಡಗಳ ನೆತ್ತಿಯಲ್ಲಿ ನಿನ್ನ ಫ್ಯಾನುಗಳು ತಿರುಗುತ್ತಿದ್ದವು. ರೊಟ್ಟಿ ಮುರಿಯುತ್ತಾ ನಮ್ಮಲ್ಲೊಬ್ಬ, ಭೂಗೋಳ ಓದಿದವನು, ಹೇಳಿದ: ಮಳೆಗಾಲದಲ್ಲಿ ಈ ಗಾಳಿ ಅರಬ್ಬೀ ಸಮುದ್ರದ ಕಡೆಯಿಂದ ಬರುತ್ತದೆ. ಘಟ್ಟ ಹತ್ತುವಾಗಲೇ ಹೆಚ್ಚಿನ ನೀರನ್ನು ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ. ಚಿತ್ರದುರ್ಗಕ್ಕೆ 600ರ ಆಸುಪಾಸು. ನಮ್ಮ ಪಾಲಿಗೆ ಬರುವುದು ಹೆಚ್ಚಾಗಿ ಗಾಳಿಯೇ, ಅದು ಕರೆಂಟಾಗುತ್ತದೆ. ಆ ಸ್ವಲ್ಪ ನೀರಲ್ಲೇ ಈ ಇಡೀ ಕಾಡು ನಿಂತಿದೆ ನೋಡು. ಘಟ್ಟದ ಕಾಡು ನನಗೂ ಇಷ್ಟವೇ. ಆದರೆ ಅಷ್ಟು ಮಳೆ ಸಿಕ್ಕರೆ ಎಲ್ಲಿ ಬೇಕಾದರೂ ಹಸಿರಾಗುತ್ತದೆ. ಇಷ್ಟರಲ್ಲೇ ಹಸಿರಾಗುವ ಈ ಗುಡ್ಡದ ಮೇಲೆ ನನಗೆ ಈಗ ಪ್ರೀತಿಯ ಜೊತೆ ಹೆಮ್ಮೆಯೂ ಹುಟ್ಟಿದೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಅಂತ ನೀನು ಹೇಳುತ್ತಿದ್ದುದು ನಿಜ. ಸಡಿಲ ಕಲ್ಲು, ಮೇಲೆ ಒದ್ದೆ. ಗೆಳೆಯನ ಹೆಂಡತಿಗೆ ಮೊಣಕಾಲು ನೋವು ಶುರುವಾಯಿತು. ವಾಚರ್ ಅಣ್ಣ ತಾವು ಹಿಡಿದಿದ್ದ ಕೋಲನ್ನು ಅವರಿಗೆ ಕೊಟ್ಟು, “ಹೆಜ್ಜೆ ಅಡ್ಡಡ್ಡ ಇಡ್ರಿ ಅಕ್ಕ, ಅವಸರ ಏನೈತಿ” ಅಂತ ಅವರ ಪಕ್ಕದಲ್ಲೇ ನಡೆದರು. ಉಳಿದವರೆಲ್ಲ ಅವರ ನಡಿಗೆಗೆ ಹೊಂದಿಕೊಂಡೆವು. ನಿಧಾನವಾಗಿದ್ದಕ್ಕೇ ನವಿಲು ಕಂಡಿತು, ಮುಳ್ಳುಹಂದಿಯ ಮುಳ್ಳೊಂದು ಕಣ್ಣಿಗೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ. ಧಾಮದೊಳಗಿಂದ ಏನನ್ನೂ ತರಬಾರದು.

ಸರಿ, ವಿಷಯಕ್ಕೆ ಬರ್ತೀನಿ. ದೀಪಾವಳಿಗೆ ನೀನು ಬಂದೇ ಬರ್ತೀಯಲ್ಲ, ಒಂದು ದಿನ ಜಾಸ್ತಿ ರಜೆ ಹಾಕು. ಡಿಸೆಂಬರ್ ಮೇಲೆ ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ, ಆಗ ಒಳಗೆ ಬಿಡುತ್ತಾರೋ ಇಲ್ಲವೋ. ಅನುಮತಿಯ ಓಡಾಟ ನಾನು ಮಾಡ್ತೀನಿ. ನಿನ್ನ ಆ ದೊಡ್ಡ ಟ್ರೆಕ್ಕಿಂಗ್ ಬ್ಯಾಗು ಬೇಡ. ಗಟ್ಟಿ ಬೂಟು, ಉದ್ದ ತೋಳಿನ ಅಂಗಿ, ಮೂರು ಲೀಟರ್ ನೀರು ಸಾಕು, ದಾರಿಯಲ್ಲಿ ಎಲ್ಲೂ ಕುಡಿಯುವ ನೀರು ಸಿಗಲಿಲ್ಲ. ರೊಟ್ಟಿ ಅಮ್ಮ ಕಟ್ಟಿಕೊಡ್ತಾಳಂತೆ. ನೀನು ಬರೋದು ಖಾತ್ರಿಯಾದರೆ ತಾರೀಖು ತಿಳಿಸು, ವಾಚರ್ ಅಣ್ಣನಿಗೆ ಈ ವಾರವೇ ಫೋನ್ ಮಾಡಬೇಕು.

ಇಂತಿ ನಿನ್ನ,
ದಾವಣಗೆರೆಯ ಗೆಳೆಯ