ಫಲಿತಾಂಶದ ಜೊತೆಗೆ ಷರತ್ತುಗಳನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಅಮೆರಿಕದ ಬೇಸ್‌ಬಾಲ್‌ನಲ್ಲಿ ಬೇರೆ ಬೇರೆ ಕಾಲಕ್ಕೆ ವರ್ಲ್ಡ್ ಸೀರೀಸ್ (ವರ್ಷದ ಚಾಂಪಿಯನ್ ಯಾರೆಂದು ನಿರ್ಧರಿಸುವ ಸರಣಿ) ಗೆದ್ದ ತಂಡಗಳನ್ನು ಕಂಪ್ಯೂಟರಿನಲ್ಲಿ ಮುಖಾಮುಖಿಯಾಗಿಸಿ, ಕೊನೆಗೆ ಉಳಿದ ತಂಡವನ್ನು ಸಾರ್ವಕಾಲಿಕ ಶ್ರೇಷ್ಠವೆಂದು ಸಾರುವ ಕಾಲ್ಪನಿಕ ಟೂರ್ನಿಗಳ ಸುದ್ದಿ ಕ್ರೀಡಾಪುಟಗಳಲ್ಲಿ ಆಗಾಗ ಬರುತ್ತದೆ. ಟೂರ್ನಿಗಳ ಬಗ್ಗೆ ನನ್ನ ತಕರಾರಿಲ್ಲ. ಯಾವ ಷರತ್ತುಗಳ ಮೇಲೆ ಆಡಿಸಿದರೆಂದು ತಿಳಿಸದೆ ಬರೀ ಫಲಿತಾಂಶ ಅಚ್ಚು ಹಾಕುವುದು ಸರಿಯಲ್ಲ ಎಂಬುದಷ್ಟೇ ನನ್ನ ಮಾತು.

1927ರ ನ್ಯೂಯಾರ್ಕ್ ಯಾಂಕೀಸ್ ಮತ್ತು 1998ರ ಯಾಂಕೀಸ್ ತಂಡಗಳನ್ನೇ ನೋಡಿ. ಲೀಗ್ ಹಂತದಲ್ಲಿ ಮೊದಲನೆಯದು 110 ಪಂದ್ಯ ಗೆದ್ದಿತ್ತು, ಎರಡನೆಯದು 114. ವರ್ಲ್ಡ್ ಸೀರೀಸ್‌ನಲ್ಲಿ ಎರಡೂ ಎದುರಾಳಿಗೆ ಒಂದು ಪಂದ್ಯವನ್ನೂ ಬಿಟ್ಟುಕೊಡಲಿಲ್ಲ. 1927ರಲ್ಲಿ ಯಾಂಕೀಸ್‌ನ ಬೇಬ್ ರೂತ್ ಒಬ್ಬರೇ ಹೊಡೆದ 60 ಹೋಮ್ ರನ್‌ಗಳಷ್ಟನ್ನು (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ), ಉನ್ನತ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲೊಂದಾದ ಅಮೆರಿಕನ್ ಲೀಗ್‌ನ ಬೇರೆ ಯಾವ ತಂಡವೂ ಇಡಿಯಾಗಿ ಹೊಡೆದಿರಲಿಲ್ಲ. ಆ ರೂತ್, ಕೊನೆಯದಾದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ 1998ರ ತಂಡದ ಪಿಚರ್ (ಚೆಂಡೆಸೆಯುವ ಆಟಗಾರ) ಮರಿಯಾನೊ ರಿವೇರಾ ಅವರನ್ನು ಎದುರಿಸಿದರೆ ಏನಾದೀತು? ರಿವೇರಾ ಅವರ ಕಟರ್ ಎಸೆತ ಕೊನೆ ಗಳಿಗೆಯಲ್ಲಿ ಎಡಗೈ ದಾಂಡಿಗನ ಕೈಗಳತ್ತ ಒಳನುಗ್ಗಿ ಎಷ್ಟೋ ಸಲ ಬ್ಯಾಟನ್ನೇ ಮುರಿಯುತ್ತಿತ್ತು. ರೂತ್ ಎಡಗೈ ದಾಂಡಿಗ. ಪಂದ್ಯ ಆರಂಭಿಸಿದ ಪಿಚರ್ ಅನೇಕ ಸಲ ತಾನೇ ಮುಗಿಸುತ್ತಿದ್ದ ಆ ಕಾಲದಲ್ಲಿ, ಕೊನೆಯ ಇನ್ನಿಂಗ್ಸ್‌ಗೆಂದೇ ಕಾದಿರಿಸಿದ, ದಣಿಯದ ಇಂಥ ಪಿಚರ್‌ನ ಎದುರು ಆಡುವ ಪ್ರಮೇಯ ರೂತ್‌ಗೆ ಬಂದದ್ದು ಅಪರೂಪ. ಅಂಕಿಅಂಶಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಪ್ರೋಗ್ರಾಂ ಬರೆದವರು ಊಹಿಸಿ ತುಂಬಿದ್ದೇ ಉತ್ತರ.

1961ರಲ್ಲಿ ಹ್ಯಾಲ್ ರಿಚ್‌ಮನ್ ಹೊರತಂದ ಸ್ಟ್ರ್ಯಾಟ್-ಓ-ಮ್ಯಾಟಿಕ್ ಎಂಬ ದಾಳದ ಆಟ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅದರಲ್ಲಿ ಪ್ರತಿ ಆಟಗಾರನಿಗೂ ಒಂದೊಂದು ಕಾರ್ಡಿದೆ. ಒಂದು ದಾಳದಲ್ಲಿ 1ರಿಂದ 3 ಬಿದ್ದರೆ ದಾಂಡಿಗನ ಕಾರ್ಡು, 4ರಿಂದ 6 ಬಿದ್ದರೆ ಪಿಚರ್‌ನ ಕಾರ್ಡು ನೋಡಬೇಕು. ಉಳಿದೆರಡು ದಾಳಗಳ ಮೊತ್ತ ಆ ಕಾರ್ಡಿನಲ್ಲಿ ಏನಾಯಿತೆಂದು ಹೇಳುತ್ತದೆ. ಕಾರ್ಡು ಮೇಜಿನ ಮೇಲಿರುವುದರಿಂದ ಒಪ್ಪದವರು ವಾದಿಸಬಹುದು. ಸಾಫ್ಟ್‌ವೇರ್‌ನಲ್ಲಿ ಆ ಕಾರ್ಡು ಓದುಗರಿಗೆ ಕಾಣುವುದಿಲ್ಲ.

ನಿಯಮಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ಪಿಚರ್ ನಿಲ್ಲುವ ದಿಬ್ಬದ ಎತ್ತರವನ್ನು 1969ರಲ್ಲಿ 15 ಅಂಗುಲದಿಂದ 10 ಅಂಗುಲಕ್ಕೆ ಇಳಿಸಲಾಯಿತು. ಪಿಚರ್‌ನ ಬದಲಿಗೆ ಬ್ಯಾಟ್ ಮಾಡುವ ಆಟಗಾರನಿಗೆ ಅಮೆರಿಕನ್ ಲೀಗ್ 1973ರಲ್ಲಿ ಅವಕಾಶ ಕೊಟ್ಟಿತು. ಯಾವ ಕಾಲದ ನಿಯಮ ಹಿಡಿದರೂ ಒಂದು ತಂಡಕ್ಕೆ ಅನುಕೂಲವೇ. ಇನ್ನು ಏಳು ಪಂದ್ಯಗಳ ಒಂದೇ ಸರಣಿಯಿಂದ ಶ್ರೇಷ್ಠತೆ ತೀರ್ಮಾನವಾಗುವುದಾದರೆ, 1906ರಲ್ಲಿ 116 ಪಂದ್ಯ ಗೆದ್ದ ಶಿಕಾಗೊ ಕಬ್ಸ್, ವರ್ಲ್ಡ್ ಸೀರೀಸ್‌ನಲ್ಲಿ ತನ್ನದೇ ಊರಿನ ವೈಟ್ ಸಾಕ್ಸ್‌ಗೆ ಸೋತದ್ದನ್ನು ಏನೆನ್ನಬೇಕು?

ಇದಕ್ಕಿಂತ ದೊಡ್ಡ ಲೋಪ ತಂಡಗಳ ಆಯ್ಕೆಯಲ್ಲಿದೆ. 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿಯುವವರೆಗೆ ದಶಕಗಳ ಕಾಲ ಕಪ್ಪು ಆಟಗಾರರಿಗೆ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್ ಬಾಗಿಲು ಮುಚ್ಚಿತ್ತು. ಅವರು ಆಡಿದ ನೀಗ್ರೊ ಲೀಗ್‌ಗಳಿಗೆ ಮೇಜರ್ ಲೀಗ್‌ನ ಸ್ಥಾನಮಾನ ಸಿಕ್ಕಿದ್ದು 2020ರಲ್ಲಿ. 2024ರಲ್ಲಿ ಅವುಗಳ ಅಂಕಿಅಂಶ ಅಧಿಕೃತ ದಾಖಲೆಗೆ ಸೇರಿದಾಗ, .372 ಬ್ಯಾಟಿಂಗ್ ಸರಾಸರಿಯ (ಸಾವಿರ ಸರದಿಗೆ 372 ಯಶಸ್ವಿ ಹೊಡೆತ) ಜಾಶ್ ಗಿಬ್ಸನ್ ಅವರು ಟೈ ಕಾಬ್ ಅವರನ್ನು ಹಿಂದಿಕ್ಕಿ ಜೀವಮಾನದ ಸರಾಸರಿಯ ಪಟ್ಟಿಯಲ್ಲಿ ಮೊದಲಿಗರಾದರು. ಅದೇ ಗಿಬ್ಸನ್ ಆಡಿದ, 1943 ಮತ್ತು 1944ರಲ್ಲಿ ನೀಗ್ರೊ ವರ್ಲ್ಡ್ ಸೀರೀಸ್ ಗೆದ್ದ ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು ಹೊರಗಿಟ್ಟು 'ಸಾರ್ವಕಾಲಿಕ' ಎನ್ನುವುದು ಹೇಗೆ?

ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ಯಾವ ಕಾಲದ ನಿಯಮ ಬಳಸಿದರು, ಸರಣಿಯನ್ನು ಎಷ್ಟು ಬಾರಿ ಆಡಿಸಿದರು, ಯಾವ ತಂಡಗಳನ್ನು ಏಕೆ ಬಿಟ್ಟರು ಎಂಬುದನ್ನು ನಾಲ್ಕು ಸಾಲಿನಲ್ಲಾದರೂ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ