ಲಾಂಜ್‌ಗೆ ಹೋಗೋ ಮುಂಚೆ ಇದನ್ನ ಓದ್ಕೊಳ್ಳಿ

ಎಲ್ರಿಗೂ ನಮಸ್ಕಾರ, ರಜಕ್ಕೆ ಫ್ಲೈಟ್ ಬುಕ್ ಮಾಡಿರೋರು ಸ್ವಲ್ಪ ಗಮನಿಸಿ. ಕ್ರೆಡಿಟ್ ಕಾರ್ಡ್ ಇದ್ರೆ ಏರ್‌ಪೋರ್ಟ್ ಲಾಂಜ್ (ಫ್ಲೈಟ್‌ಗೆ ಕಾಯೋವಾಗ ಕೂತು ತಿಂಡಿ-ಕಾಫಿ ತಗೊಳ್ಳೋ ಜಾಗ) ಫ್ರೀ ಅಂತ ಸುಮ್ನೆ ಹೋಗ್ಬೇಡಿ, ಎಷ್ಟೋ ಕಾರ್ಡಲ್ಲಿ ಹಿಂದಿನ ತಿಂಗಳುಗಳಲ್ಲಿ ಇಷ್ಟು ಖರ್ಚು ಮಾಡಿದ್ರೆ ಮಾತ್ರ ಎಂಟ್ರಿ ಅಂತ ಷರತ್ತು ಇರತ್ತೆ, ಬ್ಯಾಂಕ್ ಆ್ಯಪಲ್ಲಿ ನೋಡ್ಕೊಂಡೇ ಹೊರಡಿ. ಕಾರ್ಡ್ ಜೊತೆ ಪ್ರಯಾರಿಟಿ ಪಾಸ್ (ಬೇರೆ ಬೇರೆ ಏರ್‌ಪೋರ್ಟ್ ಲಾಂಜ್‌ಗಳಿಗೆ ಎಂಟ್ರಿ ಕೊಡೋ ಮೆಂಬರ್‌ಶಿಪ್) ಬಂದಿದ್ರೆ ಇನ್ನೂ ಹುಷಾರು, ಸಾಮಾನ್ಯವಾಗಿ ಜೊತೆಗಿರೋರಿಗೆ ಬೇರೆ ಚಾರ್ಜು, ಅದು ಕೌಂಟರಲ್ಲಿ ಕೇಳಲ್ಲ, ಆಮೇಲೆ ಬಿಲ್ಲಲ್ಲಿ ಬರತ್ತೆ (ಆಗ ಮನೇಲಿ ಜಗಳ!).

ಬೋರ್ಡಿಂಗ್ ಪಾಸ್ ಮತ್ತೆ ಕಾರ್ಡ್ ಎರಡರಲ್ಲೂ ಹೆಸರು ಒಂದೇ ಇರ್ಬೇಕು, ಗಂಡನ ಕಾರ್ಡ್ ಹಿಡ್ಕೊಂಡು ಹೆಂಡ್ತಿ ಒಬ್ರೇ ಹೋದ್ರೆ ಆಗಲ್ಲ. ಸಾಮಾನ್ಯವಾಗಿ ಫ್ಲೈಟ್‌ಗೆ 3 ಗಂಟೆ ಮುಂಚೆಯಿಂದ ಮಾತ್ರ ಬಿಡ್ತಾರೆ. ಲಾಂಜ್ ಯಾವ ಟರ್ಮಿನಲ್ಲು, ಸೆಕ್ಯೂರಿಟಿ ಚೆಕ್ ಆದ್ಮೇಲಾ ಮುಂಚೆನಾ ಅಂತಾನೂ ನೋಡಿ, ಬೇರೆ ಟರ್ಮಿನಲ್ ಆದ್ರೆ ಕಾರ್ಡ್ ಇದ್ದೂ ಪ್ರಯೋಜನ ಇಲ್ಲ. ಬೆಳಿಗ್ಗೆ ರಶ್ ಟೈಮಲ್ಲಿ ಕ್ಯೂ ಬಾಗಿಲಾಚೆಗೂ ಇರತ್ತೆ, ಜಾಗ ಇಲ್ಲ ಅಂತ ವಾಪಸ್ ಕಳ್ಸೋದೂ ಉಂಟು, ನನ್ನ ಕೇಳಿದ್ರೆ ಒಂದು ಕಾಫಿಗೋಸ್ಕರ ಅಷ್ಟೊತ್ತು ನಿಲ್ಲೋದು ವೇಸ್ಟ್, ಕನೆಕ್ಟಿಂಗ್ ಫ್ಲೈಟ್‌ಗೆ ಗಂಟೆಗಟ್ಟಲೆ ಕಾಯೋರಿಗೆ ಮಾತ್ರ ನಿಜವಾದ ಲಾಭ.

ಇನ್ನೊಂದು, ಎಷ್ಟೋ ಲಾಂಜಲ್ಲಿ ಬೋರ್ಡಿಂಗ್ ಅನೌನ್ಸ್ ಮಾಡಲ್ಲ, ಸೋಫಾ ಮೇಲೆ ನಿದ್ದೆ ಹೋಗೋರು ಫೋನಲ್ಲಿ ಅಲಾರಂ ಇಟ್ಕೊಳ್ಳಿ. ಕಾರ್ಡ್ ಬಗ್ಗೆ ಡೌಟ್ ಇದ್ರೆ ಇಲ್ಲೇ ಕೇಳಿ, ಆದ್ರೆ ಕಾರ್ಡ್ ಫೋಟೋ ಮಾತ್ರ ಗ್ರೂಪಲ್ಲಿ ಹಾಕ್ಬೇಡಿ ಪ್ಲೀಸ್.