ಹೊಸಬರ ಊಹೆಯನ್ನು ತಳ್ಳಿಹಾಕಬೇಡಿ

ಮಾನ್ಯ ಸಂಪಾದಕರೇ,

‘ಗೇಮ್ ಆಫ್ ಥ್ರೋನ್ಸ್’ ಕಾದಂಬರಿಗಳ ಅಭಿಮಾನಿಗಳಲ್ಲಿ ಹೊಸದಾಗಿ ಓದಲು ಶುರು ಮಾಡಿದವರು ಕಥೆಯ ಗುಟ್ಟಿನ ಬಗ್ಗೆ ಆಸೆಯಿಂದ ಒಂದು ಊಹೆ ಹೇಳಿದರೆ, ‘ಅಯ್ಯೋ, ಇದು ಹಳೇದು, ಎಲ್ಲರಿಗೂ ಗೊತ್ತು’ ಅಂತ ಹಳಬರು ಒಂದೇ ಮಾತಲ್ಲಿ ಬಾಯಿ ಮುಚ್ಚಿಸುತ್ತಾರೆ. ಆಮೇಲೆ ಅವರು ಮಾತಾಡುವುದೇ ಇಲ್ಲ. ನನಗೆ ತುಂಬಾ ಬೇಜಾರಾಗುತ್ತದೆ.

ನೆಡ್ ಎಂಬ ಪಾತ್ರ ತನ್ನ ಮಗನೆಂದು ಬೆಳೆಸುವ ಜಾನ್ ಸ್ನೋನ ತಾಯಿ ಯಾರು ಅನ್ನುವ ಪ್ರಶ್ನೆಯನ್ನೇ ನೋಡಿ. ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಸಾಯುತ್ತಿದ್ದ ಲಿಯಾನಾ ಅಣ್ಣ ನೆಡ್‌ನಿಂದ ಪಡೆದ ಮಾತು, ರಕ್ತದ ಹಾಸಿಗೆ, ನೀಲಿ ಗುಲಾಬಿ, ಗೋಪುರದ ಬಳಿ ಕಾವಲಿದ್ದ ಮೂವರು ಯೋಧರು, ಇವನ್ನೆಲ್ಲ ಜೋಡಿಸಿ, ಲಿಯಾನಾಳೇ ಆ ತಾಯಿ ಅನ್ನುವ ಉತ್ತರವನ್ನು ಓದುಗರೇ ಹುಡುಕಿದರು. ಟಿವಿ ಧಾರಾವಾಹಿ ಅದನ್ನು ತೋರಿಸಿದ್ದು 2016ರಲ್ಲಿ, ಅಂದರೆ 20 ವರ್ಷ ಆದ ಮೇಲೆ! ಆ ಓದುಗರೂ ಒಂದು ಕಾಲಕ್ಕೆ ಹೊಸಬರೇ ಅಲ್ವಾ?

ನಾನಂತೂ ಹೊಸಬರಿಗೆ ಉತ್ತರ ಹೇಳುವುದಿಲ್ಲ. ನೆಡ್‌ನ ಅಧ್ಯಾಯಗಳನ್ನು ಇನ್ನೊಮ್ಮೆ ಓದಿ ಬನ್ನಿ ಅನ್ನುತ್ತೇನೆ. ಬಂದ ಮೇಲೆ ಕೇಳುತ್ತೇನೆ: ಇದು ಪುಟದಲ್ಲಿದೆಯಾ, ನಿಮ್ಮ ಆಸೆಯಾ? ನಿಮ್ಮ ಊಹೆಗೆ ಹೊಂದದ ಸಾಲು ಯಾವುದು? ಈ ಕಥೆಯಲ್ಲಿ ಪ್ರತಿ ಅಧ್ಯಾಯವೂ ಒಂದು ಪಾತ್ರದ ಕಣ್ಣಿನಿಂದಲೇ ಕಾಣುತ್ತದೆ, ಹಾಗಾಗಿ ಆ ಪಾತ್ರ ನಂಬಿದ್ದೆಲ್ಲ ನಿಜ ಆಗಿರಬೇಕಿಲ್ಲ ಅನ್ನುವುದು ಒಮ್ಮೆ ಹೊಳೆದರೆ ಸಾಕು, ಅವರು ಓದುವ ರೀತಿಯೇ ಬದಲಾಗುತ್ತದೆ. ಊಹೆ ತಪ್ಪಾದರೂ ಪರವಾಗಿಲ್ಲ.

ಹಳಬರಲ್ಲಿ ನನ್ನ ಕೋರಿಕೆ ಇಷ್ಟೇ. ಸುಮ್ನೆ ಒಬ್ಬ ಹೊಸಬರ ಜೊತೆ ಒಂದು ಅಧ್ಯಾಯ ಕೂತು ಓದಿ.

– ಓದುಗ, ಮೈಸೂರು